ಟವರ್ ಲೆಕ್ಕ, ನಾಲ್ಕನೇ ಭಾನುವಾರ: ಬಾಡಿಗೆ ಎಲ್ಲಿ ಹೋಯ್ತು?

ಶೀಟ್ ಇನ್ನೂ ತಾಳೆ ಆಗಿಲ್ಲ. ಆದರೆ ಒಂದು ಗಂಟು ಬಿಚ್ಚಿತು.

ಹೊಸದಾಗಿ ಓದುವವರಿಗೆ: ನಾನು ದಾವಣಗೆರೆಯಲ್ಲಿ ಅಕ್ಕಿ ಗಿರಣಿಯೊಂದರ ಲೆಕ್ಕ ಬರೆಯುವವನು. ಎದುರು ಮನೆ ತಾರಸಿ ಮೇಲೆ ಮೊಬೈಲ್ ಟವರ್ ಇದೆ. ದಿನಾ ಅದನ್ನೇ ನೋಡಿ ನೋಡಿ ಈ ಹುಚ್ಚು ಹತ್ತಿತು. ಟವರ್ ನಿಲ್ಲಿಸಿ ಮೊಬೈಲ್ ಕಂಪನಿಗಳಿಗೆ ಬಾಡಿಗೆಗೆ ಕೊಡುವ ಇಂಡಸ್ ಟವರ್ಸ್‌ನ ವಾರ್ಷಿಕ ವರದಿಗಳಿಂದ ಸ್ಥಿರಾಸ್ತಿ, ಲಾಭದ ಅಂಕಿಗಳನ್ನು ವರ್ಷವಾರು ಎಕ್ಸೆಲ್‌ಗೆ ಇಳಿಸುತ್ತಿದ್ದೇನೆ.

ಕಳೆದ ವಾರ 2019-20ರ ಕಾಲಂನಲ್ಲಿ ಬಾಡಿಗೆ ಖರ್ಚು (ಟವರ್ ನಿಂತ ಜಾಗಕ್ಕೆ ಕಂಪನಿ ಕೊಡೋದು) ದಬಕ್ಕನೆ ಬಿದ್ದಿತ್ತು. ನಾನೇ ತಪ್ಪು ಟೈಪ್ ಮಾಡಿದೆ ಅಂತ ಮೂರು ಸಲ ನೋಡಿದೆ. ತಪ್ಪಿರಲಿಲ್ಲ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಎಂಬ ಲೆಕ್ಕ ಬರೆಯುವ ನಿಯಮ ಜಾರಿಗೆ ಬಂದಿದೆ. ಜಾಗಕ್ಕೆ ಮುಂದೆ ಕೊಡಬೇಕಾದ ಬಾಡಿಗೆಗೆಲ್ಲ ಬಡ್ಡಿ ಕಳೆದು ಇವತ್ತಿನ ಬೆಲೆ ಕಟ್ಟಿ, ‘ಬಳಕೆ ಹಕ್ಕು’ ಅಂತ ಆಸ್ತಿ ಕಡೆ ತೋರಿಸಬೇಕು. ಅಷ್ಟೇ ಮೊತ್ತ ಸಾಲದ ಕಡೆಯೂ ಕೂರುತ್ತದೆ. ಖರ್ಚು ಬಾಡಿಗೆ ಅಂತ ಬರದೆ ಸವಕಳಿ, ಬಡ್ಡಿ ಅಂತ ಬರುತ್ತದೆ.

ಕೈಲೆಕ್ಕ ಮಾಡಿ ನೋಡಿದೆ. ವರ್ಷದ ಕೊನೆಗೆ 1.2 ಲಕ್ಷ ಬಾಡಿಗೆ, 10 ವರ್ಷ, ಬಡ್ಡಿ 8% ಅಂತ ಹಿಡಿದರೆ ಇವತ್ತಿನ ಬೆಲೆ ಸುಮಾರು 8.05 ಲಕ್ಷ. ಮೊದಲ ವರ್ಷ ಸವಕಳಿ (ಆ ಬೆಲೆಯನ್ನು ಹತ್ತು ವರ್ಷಕ್ಕೆ ಹಂಚಿದ್ದು) 80 ಸಾವಿರ ಚಿಲ್ಲರೆ, ಬಡ್ಡಿ 64 ಸಾವಿರ. ಕೈಯಿಂದ ಹೋಗೋದು 1.2 ಲಕ್ಷ, ಪುಸ್ತಕದಲ್ಲಿ ಖರ್ಚು 1.44 ಲಕ್ಷ ಚಿಲ್ಲರೆ! ಹತ್ತನೇ ವರ್ಷಕ್ಕೆ ಅದೇ ಖರ್ಚು 90 ಸಾವಿರದೊಳಗೆ ಇಳಿಯುತ್ತದೆ. ಸವಕಳಿ, ಬಡ್ಡಿ ಎರಡೂ ಎಬಿಟಾದ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಕೆಳಗೆ ಬರುವುದರಿಂದ ಎಬಿಟಾ ಸುಮ್ನೆ ದಪ್ಪಗೆ ಕಾಣುತ್ತದೆ.

ಎದುರು ಮನೆ ಅಜ್ಜಾರಿಗೆ ಇದನ್ನು ಹೇಳಿದೆ. “ತಾರಸಿ ನಂದು, ಅದು ಅವರ ಆಸ್ತಿ ಹೆಂಗಾಕತಿ ತಮ್ಮಾ?” ಅಂದರು. ಒಳ್ಳೆ ಪ್ರಶ್ನೆ. ತಾರಸಿ ಅಲ್ಲ ಅಜ್ಜಾರೇ, ಅದನ್ನು ಬಳಸೋ ಹಕ್ಕು ಅಂದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಇನ್ನೊಂದು ಕಡೆ ಸ್ಥಿರಾಸ್ತಿ ಗ್ರಾಫ್ ಗೋಡೆ ಹತ್ತಿದ ಹಾಗೆ ಮೇಲೇರಿದೆ. 2020ರ ನವೆಂಬರ್ 19ರಂದು ಭಾರ್ತಿ ಇನ್ಫ್ರಾಟೆಲ್ ಎಂಬ ಟವರ್ ಕಂಪನಿ ಮತ್ತು ಹಳೆಯ ಇಂಡಸ್ ಒಂದಾಗಿ ಈಗಿನ ಇಂಡಸ್ ಟವರ್ಸ್ ಆಯಿತು. ಅದಕ್ಕೂ ಮೊದಲು ಇನ್ಫ್ರಾಟೆಲ್ ಪುಸ್ತಕದಲ್ಲಿ ಇಂಡಸ್‌ನ 42% ಪಾಲು ಬರೀ ಒಂದು ಸಾಲಿನ ಹೂಡಿಕೆ. ಆಮೇಲೆ ಟವರುಗಳೇ ಬಂದು ಕೂತವು. ಅಲ್ಲೊಂದು ಕೆಂಪು ಗೆರೆ ಎಳೆದಿದ್ದೇನೆ. ಅದರ ಆಚೆ ಈಚೆ ಹೋಲಿಸುವ ಹಾಗಿಲ್ಲ.

ಗೆರೆಯ ಈಚೆಗೂ ಒಂದು ಹಳ್ಳ ಇದೆ. 2021-22ರಲ್ಲಿ ಆದಾಯ 27,717 ಕೋಟಿ, ಲಾಭ 6,373 ಕೋಟಿ. ಮರುವರ್ಷ ಆದಾಯ 28,382 ಕೋಟಿಗೆ ಏರಿತು, ಲಾಭ ಮಾತ್ರ 2,040 ಕೋಟಿಗೆ ಬಿತ್ತು. ಟವರೇನೂ ಬಿದ್ದಿರಲಿಲ್ಲ. ದೊಡ್ಡ ಗ್ರಾಹಕನ ಬಾಕಿ ಬರೋದು ಅನುಮಾನ ಅಂತ ದುಡ್ಡು ತೆಗೆದಿಟ್ಟಿದ್ದರು. ಮೂರನೇ ತ್ರೈಮಾಸಿಕದಲ್ಲಂತೂ ಸುಮಾರು 708 ಕೋಟಿ ನಷ್ಟ. ಉದ್ರಿ ಕೊಟ್ಟು ಗೊತ್ತಿರುವ ಮಂಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? 2023-24ಕ್ಕೆ ಲಾಭ ಮತ್ತೆ 6,036 ಕೋಟಿ.

ಗುರುವಾರ ಚಿತ್ರದುರ್ಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಟವರ್ ಎಣಿಸಿದೆ. ಭರಮಸಾಗರ ದಾಟಿದ ಮೇಲೆ ನಿದ್ದೆ ಬಂತು, ಲೆಕ್ಕ ತಪ್ಪಿತು. ಒಂದು ಟವರಿನಲ್ಲಿ ಮಾತ್ರ ಆಂಟೆನಾ ಮೂರು ಅಂತಸ್ತಿನಲ್ಲಿದ್ದವು. ಒಂದೇ ಕಬ್ಬಿಣಕ್ಕೆ ಇಬ್ಬರು ಮೂವರು ಬಾಡಿಗೆದಾರರು ಸಿಕ್ಕರೆ ಖರ್ಚು ಅಷ್ಟೇನೂ ಏರಲ್ಲ. ಈ ಧಂದೆಯ ಲಾಭ ಅಲ್ಲಿದೆ.

ಮುಂದಿನ ವಾರ ವರದಿಯ ಸ್ಥಿರಾಸ್ತಿ ನೋಟ್‌ನಲ್ಲಿ ವಿಲೇವಾರಿ ಕಾಲಂ, ಅಂದರೆ ಮಾರಿದ, ಕಿತ್ತುಹಾಕಿದ ಆಸ್ತಿಯ ಲೆಕ್ಕ. ಕಂಪನಿ ಕಾಯ್ದೆಯ ಶೆಡ್ಯೂಲ್ 2ರಲ್ಲಿ ಸವಕಳಿ ಲೆಕ್ಕಕ್ಕೆ ಟವರಿಗೆ 18 ವರ್ಷ ಆಯುಸ್ಸು ಇದೆ. ಕೆಳಗಿರುವ ಬ್ಯಾಟರಿ ಅಷ್ಟು ವರ್ಷ ಎಲ್ಲಿ ಬಾಳುತ್ತದೆ? ಅದನ್ನು ಬೇರೆ ಸಾಲಿಗೆ ಹಾಕಬೇಕು.