ಗೇಟು ತೆಗೆಯುವ ಕೌಬಾಯ್

ಟೆಕ್ಸಾಸ್‌ನ ಫೋರ್ಟ್ ವರ್ತ್‌ನ ಏಮನ್ ಕಾರ್ಟರ್ ಮ್ಯೂಸಿಯಂನಲ್ಲಿ ಒಂದು ಮಂಕು ಬಣ್ಣದ ಚಿತ್ರ ಇದೆ. ಹಿಮ ಬಿದ್ದ ಬಯಲು, ಬೂದು ಆಕಾಶ, ಇಬ್ಬರು ಕೌಬಾಯ್‌ಗಳು. ಒಬ್ಬ ಕುದುರೆಯಿಂದ ಇಳಿದು ಬೇಲಿಯ ಗೇಟು ತೆಗೆಯುತ್ತಿದ್ದಾನೆ. ಇನ್ನೊಬ್ಬ ಕುದುರೆ ಮೇಲೇ ಕೂತು ಕಾಯುತ್ತಿದ್ದಾನೆ. ಅಷ್ಟೇ. ಊರಿಂದ ತಮ್ಮ ಬಂದಾಗ ಅವನನ್ನು ಇದರ ಮುಂದೆ ನಿಲ್ಲಿಸಿದ್ದೆ. "ಅಕ್ಕಾ, ಇದರಲ್ಲಿ ಏನೂ ನಡೀತಾನೇ ಇಲ್ವಲ್ಲ" ಅಂದ. "ಅದೇ ಕಣೋ ವಿಷಯ" ಅಂದೆ. ಆಮೇಲೆ ಅರ್ಧ ಗಂಟೆ ಅವನಿಗೆ ಬಿಡುಗಡೆ ಸಿಗಲಿಲ್ಲ.

ಚಿತ್ರದ ಹೆಸರು 'ದ ಫಾಲ್ ಆಫ್ ದ ಕೌಬಾಯ್'. ಫ್ರೆಡರಿಕ್ ರೆಮಿಂಗ್ಟನ್ 1895ರಲ್ಲಿ ಬರೆದದ್ದು. ಕೌಬಾಯ್ ಬಿದ್ದದ್ದು ಎಲ್ಲಿ ಅಂತ ಹುಡುಕಿದರೆ ಸಿಗುವುದು ಆ ಗೇಟು. ಅದಕ್ಕೂ ಮೊದಲು ಅಮೆರಿಕದ ಪಶ್ಚಿಮದ ಹುಲ್ಲುಗಾವಲಿಗೆ ಬೇಲಿಯೇ ಇರಲಿಲ್ಲ. ನಮ್ಮ ಗೋಮಾಳದ ಹಾಗೆ, ಆದರೆ ನೂರಾರು ಮೈಲಿ ಉದ್ದಕ್ಕೆ. ಎಲ್ಲರ ದನವೂ ಒಟ್ಟಿಗೆ ಮೇಯುತ್ತಿದ್ದವು. ಕಾದ ಕಬ್ಬಿಣದ ಬರೆ ನೋಡಿ ಇದು ಯಾರದು, ಅದು ಯಾರದು ಅಂತ ಬೇರೆ ಮಾಡುತ್ತಿದ್ದರು. 1874ರಲ್ಲಿ ಇಲಿನಾಯ್‌ನ ಜೋಸೆಫ್ ಗ್ಲಿಡೆನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಮುಂದಿನ ಇಪ್ಪತ್ತು ವರ್ಷದಲ್ಲಿ ಬಯಲೆಲ್ಲ ತುಂಡು ತುಂಡಾಯಿತು. ದಿನಗಟ್ಟಲೆ ಕುದುರೆ ಇಳಿಯದೆ ದನ ಹೊಡೆಯುತ್ತಿದ್ದವನು ಈಗ ಇಳಿದು ಗೇಟು ತೆಗೆಯಬೇಕು.

ರೆಮಿಂಗ್ಟನ್ ನ್ಯೂಯಾರ್ಕ್ ರಾಜ್ಯದವನು. ಪಶ್ಚಿಮಕ್ಕೆ ಹೋಗಿ, ನೋಡಿ, ವಾಪಸ್ ಬಂದು ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ. ಅಲ್ಲೇ ಉಳಿದು, ದುಡಿದು, ಚಿತ್ರ ಬರೆದವನು ಚಾರ್ಲ್ಸ್ ಮರಿಯನ್ ರಸೆಲ್. ನನಗೆ ಇವನೇ ಹೆಚ್ಚು ಇಷ್ಟ. 1864ರಲ್ಲಿ ಸೇಂಟ್ ಲೂಯಿಸ್‌ನ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ. 1880ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಮಾಂಟಾನಕ್ಕೆ ಹೊರಟುಹೋದ. ಅಲ್ಲಿ ಸಿಕ್ಕಿದ್ದು ರಾತ್ರಿ ಹೊತ್ತು ದನ, ಕುದುರೆ ಕಾಯುವ ಕೆಲಸ. ಹಗಲು ಚಿತ್ರ ಬರೆಯುವುದಕ್ಕೆ ಬಿಡುವು.

1886ರ ಬೇಸಿಗೆ ಒಣಗಿಹೋಗಿತ್ತು. ದನ ಜಾಸ್ತಿ, ಹುಲ್ಲು ಕಮ್ಮಿ, ಒಣಹುಲ್ಲು ಕೂಡಿಟ್ಟವರು ಅಪರೂಪ. ಆಮೇಲೆ ಬಂದ ಚಳಿಗಾಲದಲ್ಲಿ ಹಿಮದ ಮೇಲೆ ಹಿಮ ಬಿದ್ದು, ಕರಗಿ, ಮತ್ತೆ ಗಟ್ಟಿಯಾಗಿ, ದನದ ಬಾಯಿಗೆ ಹುಲ್ಲೇ ಸಿಗದ ಹಾಗಾಯಿತು. ಲಕ್ಷಗಟ್ಟಲೆ ದನ ಸತ್ತವು. ಮಾಂಟಾನದ ರಾಜಧಾನಿ ಹೆಲೆನಾ ಪಟ್ಟಣದಲ್ಲಿದ್ದ ಮಾಲೀಕ ಲೂಯಿ ಕೌಫ್‌ಮನ್ ತನ್ನ ಹಿಂಡು ಹೇಗಿದೆ ಅಂತ ಕೇಳಿ ಕಾಗದ ಬರೆದ. ಉತ್ತರ ಬರೆಯಬೇಕಾದವರು ಪದ ಹುಡುಕುತ್ತಾ ಕೂತಿದ್ದಾಗ ರಸೆಲ್ ಒಂದು ಪೋಸ್ಟ್‌ಕಾರ್ಡಿನಷ್ಟು ದೊಡ್ಡ ತುಂಡಿನ ಮೇಲೆ ಜಲವರ್ಣದಲ್ಲಿ ಒಂದು ಎತ್ತು ಬರೆದ. ಪಕ್ಕೆಲುಬು ಎಣಿಸಬಹುದು. ಬೆನ್ನು ಗೂನಾಗಿದೆ, ತಲೆ ಜೋತಿದೆ. ಮಾಲೀಕನ ಬರೆ ಮಾತ್ರ ತೊಗಲ ಮೇಲೆ ಸ್ಪಷ್ಟವಾಗಿದೆ. ಸುತ್ತ ತೋಳಗಳು ಅವಸರವಿಲ್ಲದೆ ಕಾಯುತ್ತಿವೆ. 'ವೇಟಿಂಗ್ ಫಾರ್ ಎ ಶಿನೂಕ್' ಅಂತ ಹೆಸರಾಯಿತು. ಶಿನೂಕ್ ಅಂದರೆ ಚಳಿಗಾಲದ ನಡುವೆ ಬೆಟ್ಟದಿಂದ ಇಳಿದು ಹಿಮ ಕರಗಿಸುವ ಬೆಚ್ಚನೆ ಗಾಳಿ. ಕಾಗದದ ಬದಲು ಆ ಚಿತ್ರವೇ ಹೋಯಿತು. ಹೆಲೆನಾದಲ್ಲಿ ಕೈಯಿಂದ ಕೈಗೆ ದಾಟಿತು. ರಸೆಲ್‌ಗೆ ಮೊದಲ ಹೆಸರು ತಂದುಕೊಟ್ಟದ್ದು ಅದೇ.

ನಾನು ವರ್ಷಾ ವರ್ಷಾ ಇಲ್ಲಿನ ಗೆಳೆಯರ ಮನೆಗಳಿಗೆ ಮಣ್ಣಿನ ಗಣಪ ಮಾಡಿಕೊಡುತ್ತೇನೆ. ಹಾಗಾಗಿ ಯಾವ ಶಿಲ್ಪ ಕಂಡರೂ ಹಿಂಬದಿಗೆ ಹೋಗಿ ನೋಡುವ ಅಭ್ಯಾಸ. ರೆಮಿಂಗ್ಟನ್‌ನ 'ಕಮಿಂಗ್ ಥ್ರೂ ದ ರೈ' (1902) ಕಂಚಿನಲ್ಲಿ ನಾಲ್ಕು ಕುದುರೆ, ಹದಿನಾರು ಗೊರಸು. ನೆಲಕ್ಕೆ ತಾಗಿರುವುದು ಆರೇ! ಭಾರವೆಲ್ಲ ಪಕ್ಕದ ಕುದುರೆಗಳ ಮೇಲೆ ಹಂಚಿಹೋಗಿದೆ. ಮೇಣದ ಗೊಂಬೆಗೆ ಅಚ್ಚು ಕಟ್ಟಿ, ಮೇಣ ಕರಗಿಸಿ ಹರಿಸಿ, ಆ ಜಾಗಕ್ಕೆ ಕಂಚು ಹೊಯ್ಯುವ ಎರಕ ಅದು. ನಮ್ಮ ಪಂಚಲೋಹದ ವಿಗ್ರಹಗಳೂ ಹೀಗೇ ಆಗುವುದು. ಎರಕದವರ ಕೈಚಳಕಕ್ಕೆ ಕೈ ಮುಗಿಯಬೇಕು.

ಆದರೂ ನನ್ನ ಕಾಲು ಎಳೆಯುವುದು ರಸೆಲ್‌ನ ಮೇಣದ ಕಡೆಗೆ. ಅವನ ಜೇಬಿನಲ್ಲಿ ಯಾವಾಗಲೂ ಒಂದು ಉಂಡೆ ಜೇನುಮೇಣ ಇರುತ್ತಿತ್ತು. ಮಾತಾಡುತ್ತಾ, ಕೈ ಕಡೆ ನೋಡದೆಯೇ ಕರಡಿಯನ್ನೋ ಕುದುರೆಯನ್ನೋ ಮಾಡಿಬಿಡುತ್ತಿದ್ದ. ಮಣ್ಣು ಮುಟ್ಟಿದವರಿಗೆ ಗೊತ್ತು, ಓಡುವ ಪ್ರಾಣಿ ಮಾಡುವುದಕ್ಕಿಂತ ನಿಂತ ಪ್ರಾಣಿ ಮಾಡುವುದು ಕಷ್ಟ. ಓಟದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ನಿಂತದ್ದಕ್ಕೆ ತೂಕ ಯಾವ ಕಾಲಿನ ಮೇಲಿದೆ ಅಂತ ಹೇಳಲೇಬೇಕು. ರಸೆಲ್‌ನ ಪ್ರಾಣಿಗಳ ಸೊಂಟದಲ್ಲಿ, ಹಿಂಗಾಲಿನ ಮಡಿಕೆಯಲ್ಲಿ ಆ ತೂಕ ಕಾಣುತ್ತದೆ. ರಾತ್ರಿಯೆಲ್ಲ ಅವುಗಳ ಜೊತೆ ಎಚ್ಚರ ಇದ್ದವನಿಗೆ ಮಾತ್ರ ಹೀಗೆ ಬರುತ್ತದೆ ಅನ್ನಿಸುತ್ತದೆ ನನಗೆ.

ಅವನಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಆ ಬೇಲಿ ಇಲ್ಲದ ಬಯಲು ಕೌಬಾಯ್‌ಗಳ ಆಸ್ತಿ ಆಗಿರಲೇ ಇಲ್ಲ. ಬ್ಲ್ಯಾಕ್‌ಫೀಟ್, ಕ್ರೋ, ಸೇಲಿಷ್ ಅನ್ನುವ ಮೂಲನಿವಾಸಿ ಜನರದು. ಅಲ್ಲಿನ ಕಾಡುಕೋಣ ಬೈಸನ್‌ಗಳದು. ದನ ಬರುವುದಕ್ಕೆ ಜಾಗ ಆದದ್ದೇ ಬೈಸನ್ ಕೊಂದು, ಆ ಜನರನ್ನು ಒಂದು ಮೂಲೆಗೆ ತಳ್ಳಿ. 1888ರಲ್ಲಿ ಅವನು ಕೆನಡಾದ ಬ್ಲಡ್ ಜನರ ನಡುವೆ ಕೆಲವು ತಿಂಗಳು ಇದ್ದ. ಮುಂದೆ, ನೆಲೆಯಿಲ್ಲದೆ ಅಲೆಯುತ್ತಿದ್ದ ಚಿಪ್ಪೆವಾ ಮತ್ತು ಕ್ರೀ ಜನರಿಗೆ ನೆಲ ಸಿಗಬೇಕು ಅಂತ ದನಿ ಎತ್ತಿದವರಲ್ಲಿ ಅವನೂ ಒಬ್ಬ. 1916ರಲ್ಲಿ ಅವರಿಗೆ ರಾಕಿ ಬಾಯ್ ರಿಸರ್ವೇಶನ್ ಸಿಕ್ಕಿತು, ಅಂದರೆ ಅವರಿಗೇ ಮೀಸಲಾದ ನೆಲ.

ಹೆಲೆನಾದ ಶಾಸನಸಭೆಯಲ್ಲಿ ಅವನ 1912ರ ಗೋಡೆಚಿತ್ರ ನೋಡಿದ ಮೇಲೆ ಇದು ನನಗೆ ಇನ್ನಷ್ಟು ಖಾತ್ರಿಯಾಯಿತು. ಸುಮಾರು 25 ಅಡಿ ಅಗಲ, 12 ಅಡಿ ಎತ್ತರ. 1805ರಲ್ಲಿ ಪಶ್ಚಿಮಕ್ಕೆ ದಾರಿ ಹುಡುಕುತ್ತಾ ಹೊರಟಿದ್ದ ಅನ್ವೇಷಕರು ಲೂಯಿಸ್ ಮತ್ತು ಕ್ಲಾರ್ಕ್ ರಾಸ್ ಹೋಲ್ ಕಣಿವೆಯಲ್ಲಿ ಸೇಲಿಷ್ ಜನರನ್ನು ಭೇಟಿಯಾದ ಪ್ರಸಂಗ. ಸರ್ಕಾರ ದುಡ್ಡು ಕೊಟ್ಟು ಬರೆಸಿದ್ದು, ಹಾಗಾಗಿ ಆ ಇಬ್ಬರು ದೊಡ್ಡವರು ನಡುವೆ ಎದ್ದು ನಿಲ್ಲಬೇಕಿತ್ತು, ಅಲ್ವಾ? ಅವರು ಬಲಗಡೆ ದೂರದಲ್ಲಿ ಚಿಕ್ಕದಾಗಿ ನಿಂತಿದ್ದಾರೆ. ಕಣ್ಣಿಗೆ ಮೊದಲು ಬೀಳುವುದು ಎಡಗಡೆಯಿಂದ ನುಗ್ಗಿ ಬರುವ ಸೇಲಿಷ್ ಸವಾರರು, ತುಳಿದ ಹುಲ್ಲು, ಹಿಂದಿನ ಬೆಟ್ಟಸಾಲು. ಶಾಸಕರು ಇವತ್ತಿಗೂ ಅದರ ಎದುರು ಕೂತೇ ಕಾನೂನು ಮಾಡುತ್ತಾರೆ.

ಅವನ ದೊಡ್ಡ ಕೆಲಸಗಳಲ್ಲಿ ಇನ್ನೊಂದು 1914ರ 'ವೆನ್ ದ ಲ್ಯಾಂಡ್ ಬಿಲಾಂಗ್ಡ್ ಟು ಗಾಡ್'. ಮಿಸೌರಿ ನದಿ ದಾಟಿ ದಡ ಹತ್ತಿ ಬರುವ ಬೈಸನ್ ಹಿಂಡು. ಮನುಷ್ಯ ಒಬ್ಬನೂ ಇಲ್ಲ. ಅವನು ಬಂದ ಮೂರ್ನಾಲ್ಕು ವರ್ಷಕ್ಕೇ ಮಾಂಟಾನದ ಹಿಂಡುಗಳು ಮುಗಿದುಹೋಗಿದ್ದವು. ಕೊನೆಯವನ್ನು ಕಂಡ ಕಣ್ಣು ಅದು.

ಡಲ್ಲಸ್ ಕಡೆ ಇರುವವರು ಏಮನ್ ಕಾರ್ಟರ್‌ಗೆ ಖಂಡಿತ ಹೋಗಿ. ಪ್ರವೇಶ ಉಚಿತ. ಇಬ್ಬರ ಕೆಲಸವೂ ಅಲ್ಲಿ ಬೇಕಾದಷ್ಟಿದೆ. ಓಡುವ ಕುದುರೆಗಳ ಮುಂದೆ ಜನ ತಾವಾಗಿಯೇ ಸೇರುತ್ತಾರೆ. ನೀವು ಗೇಟಿನ ಚಿತ್ರ ಎಲ್ಲಿದೆ ಅಂತ ಕೇಳಿ.