ಪಕ್ಕದ ಉಬಾರ್

ಆ ರಾತ್ರಿ ನಾನು ದಕ್ಷಿಣ ಕನ್ನಡ ಜಿಲ್ಲೆಗೆ ಒಂದು ಹೊಸ ಊರನ್ನು ಸೇರಿಸಿದೆ. ಆ ಊರಿಗೆ ನದಿ ಇತ್ತು, ದೇವಸ್ಥಾನವಿತ್ತು, ಸ್ನಾನಘಟ್ಟವಿತ್ತು, ಮುಳುಗಲು ಬಾಕಿ ಉಳಿದ ಎಂಟು ಮೆಟ್ಟಿಲುಗಳೂ ಇದ್ದವು. ಇಲ್ಲದಿದ್ದದ್ದು ಊರು ಮಾತ್ರ.

ಮಂಗಳೂರಿನ ಒಂದು ಪತ್ರಿಕೆಗೆ ಉಪಸಂಪಾದಕನಾಗಿ ಸೇರಿ ಆಗ ಮೂರು ವಾರವಾಗಿತ್ತು. ನಾನು ಚನ್ನರಾಯಪಟ್ಟಣದವನು. ಕರಾವಳಿಯನ್ನು ಅದಕ್ಕೆ ಮೊದಲು ಕಂಡದ್ದು ಒಂದೇ ಸಲ, ಹೈಸ್ಕೂಲಿನ ಪ್ರವಾಸದಲ್ಲಿ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ ಎಂದು ಎರಡೇ ದಿನದಲ್ಲಿ ಓಡಿಸಿ ಮುಗಿಸಿದ್ದರು. ಅದರಲ್ಲಿ ನೆನಪಿಗೆ ಉಳಿದದ್ದು ಮಲ್ಪೆಯಲ್ಲಿ ಒದ್ದೆಯಾಗಿ ಊರು ತಲುಪುವವರೆಗೂ ಒಣಗದ ಪ್ಯಾಂಟು. ಕೆಲಸದ ಸಂದರ್ಶನದಲ್ಲಿ "ತುಳು ಬರುತ್ತದೆಯೇ?" ಎಂದು ಕೇಳಿದ್ದರು. ಪತ್ರಿಕೆ ಕನ್ನಡದ್ದಲ್ಲವೇ ಸರ್ ಎಂದು ನಾನೇ ತಿರುಗಿ ಕೇಳಿದ್ದೆ. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಉತ್ತರ ಚೆನ್ನಾಗಿ ಕೊಟ್ಟೆ ಎಂದು ನಾನೂ ಖುಷಿಯಾಗಿದ್ದೆ.

ಜುಲೈ ಕೊನೆಯ ವಾರ. ಇಲ್ಲಿಯವರ ಲೆಕ್ಕದಲ್ಲಿ ಆಟಿ ತಿಂಗಳು. ಮೂರು ದಿನದಿಂದ ಮಳೆ ನಿಂತಿರಲಿಲ್ಲ. ಅಂಥ ರಾತ್ರಿಗಳಲ್ಲಿ ಡೆಸ್ಕಿನ ಮೇಲಿನ ಎರಡೂ ಫೋನುಗಳು ಸುಮ್ಮನಿರುವುದಿಲ್ಲ. ಎಲ್ಲೋ ಗುಡ್ಡ ಕುಸಿದಿರುತ್ತದೆ, ಎಲ್ಲೋ ತೆಂಗಿನಮರ ಮನೆಯ ಮೇಲೆ ಬಿದ್ದಿರುತ್ತದೆ, ನಾಳೆ ಶಾಲೆಗೆ ರಜೆ ಉಂಟೋ ಎಂದು ವಿಚಾರಿಸುವ ಮಕ್ಕಳ ಕರೆಗಳು ಬೇರೆ. ಮೊದಲ ಆವೃತ್ತಿ ಘಟ್ಟ ಹತ್ತಬೇಕು. ಸಕಲೇಶಪುರ, ಹಾಸನದ ಕಡೆಗೆ ಹೋಗುವ ವ್ಯಾನು ಬೇಗ ಹೊರಡುತ್ತದೆ, ಆದ್ದರಿಂದ ಹತ್ತು ಗಂಟೆಗೆ ಪುಟ ಬಿಡಬೇಕು. ಒಂಬತ್ತೂಮುಕ್ಕಾಲಿಗೆ ನನ್ನ ಮುಂದಿನ ಫೋನು ಬಡಿದುಕೊಂಡಿತು. ಅರೆಕಾಲಿಕ ವರದಿಗಾರರೊಬ್ಬರು. ಹಿಂದೆ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವ ಸದ್ದು.

"ಉಬಾರ್‌ನಲ್ಲಿ ನೀರು ಏರುತ್ತಾ ಉಂಟು ಮಾರಾಯರೇ. ಇನ್ನು ಎಂಟು ಮೆಟ್ಟಿಲು ಬಾಕಿ. ಹೀಗೇ ಹೊಯ್ದರೆ ಸಂಗಮ ಆಗುವ ಅಂದಾಜು ಉಂಟು. ಬರೆದುಕೊಂಡಿರಾ?"

ಬರೆದುಕೊಂಡೆ ಎನ್ನುವಷ್ಟರಲ್ಲಿ ಕರೆ ಕಡಿದುಹೋಯಿತು. ನನ್ನ ಮುಂದೆ ಆಗಲೇ ಸರಕಾರಿ ಮಾಹಿತಿಯ ಹಾಳೆಯೂ ಇತ್ತು. ಬಂಟ್ವಾಳದಲ್ಲಿ ನೇತ್ರಾವತಿ ಅಪಾಯದ ಮಟ್ಟವಾದ 8.5 ಮೀಟರಿನ ಕಡೆಗೆ ಏರುತ್ತಿದೆ, ಉಪ್ಪಿನಂಗಡಿಯಲ್ಲೂ ನೀರು ಹೆಚ್ಚುತ್ತಿದೆ, ನದೀತೀರದವರು ಎಚ್ಚರದಿಂದಿರಬೇಕು ಎಂದೆಲ್ಲ. ಉಬಾರ್ ಎಂಬುದು ಅದರಲ್ಲಿ ಇರಲಿಲ್ಲ. ಸಣ್ಣ ಊರಿರಬೇಕು, ಸರಕಾರದ ಕಣ್ಣಿಗೆ ಬಿದ್ದಿಲ್ಲ, ನಮ್ಮ ವರದಿಗಾರನ ಕಣ್ಣಿಗೆ ಬಿದ್ದಿದೆ ಎಂದುಕೊಂಡೆ. ನದಿಗಳು ಸೇರಿದ ಮೇಲೆ ಸೇರಿದ ಹಾಗೆಯೇ, ಅದರಲ್ಲಿ "ಆಗುವ ಅಂದಾಜು" ಎಂದರೇನು ಎಂಬ ಅನುಮಾನ ಬಾರದೆ ಇರಲಿಲ್ಲ. ಪಕ್ಕದ ಕುರ್ಚಿಯವರನ್ನು ಕೇಳಿದ್ದರೆ ಒಂದು ನಿಮಿಷದ ಮಾತು. ಮೂರು ವಾರದಿಂದ ಅದು ಎಲ್ಲಿ, ಇದು ಎಲ್ಲಿ ಎಂದು ಕೇಳಿ ಕೇಳಿ ನನಗೇ ನಾಚಿಕೆಯಾಗಿತ್ತು. ಅಂದು ಕೇಳಲಿಲ್ಲ.

ಬರೆದೆ: "ಉಪ್ಪಿನಂಗಡಿಯಲ್ಲಿ ನೇತ್ರಾವತಿ ನದಿ ತುಂಬಿ ಹರಿಯುತ್ತಿದ್ದು, ಪಕ್ಕದ ಉಬಾರ್‌ನಲ್ಲಿ ಸಂಗಮಕ್ಕೆ ಎಂಟೇ ಮೆಟ್ಟಿಲು ಬಾಕಿ ಇದೆ."

ಈ "ಪಕ್ಕದ" ಎಂಬುದು ಅಪ್ಪಟ ನನ್ನದು. ವರದಿಗಾರರು ಹೇಳಿದ್ದಲ್ಲ, ಸರಕಾರಿ ಹಾಳೆಯಲ್ಲಿ ಇದ್ದದ್ದಲ್ಲ. ವಾಕ್ಯ ಮೊಟಕಾಯಿತು ಅನ್ನಿಸಿ ಸೇರಿಸಿದ್ದು. ಶೀರ್ಷಿಕೆಯಲ್ಲೂ ಎರಡೂ ಊರುಗಳನ್ನು ಅಕ್ಕಪಕ್ಕ ಕೂರಿಸಿದೆ.

ಹತ್ತೂವರೆಗೆ ಹಿರಿಯ ಉಪಸಂಪಾದಕರು ಇನ್ನೂ ಶಾಯಿಯ ವಾಸನೆ ಹೋಗದ ಪ್ರತಿಯನ್ನು ಮಡಚಿ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದರು. ಸಿಟ್ಟು ಇರಲಿಲ್ಲ. ಬಹಳ ಸಾವಧಾನವಾಗಿ ಕೇಳಿದರು.

"ಉಪ್ಪಿನಂಗಡಿಯಿಂದ ಉಬಾರಿಗೆ ಎಷ್ಟು ದೂರ ಮಾರಾಯ?"

"ಎರಡು ಮೂರು ಕಿಲೋಮೀಟರ್ ಇರಬಹುದು ಸರ್."

ಡೆಸ್ಕಿನಲ್ಲಿ ಯಾರೋ ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು. ಪುಟ ಕಟ್ಟುವ ಹುಡುಗ ಮೌಸ್ ಬಿಟ್ಟು ಕುರ್ಚಿಯನ್ನೇ ಹಿಂದಕ್ಕೆ ತಳ್ಳಿಕೊಂಡ. ನಗು ನಿಂತ ಮೇಲೆ ಅವರೇ ಹೇಳಿದರು: ಕಾಗದದಲ್ಲಿ ಉಪ್ಪಿನಂಗಡಿ, ತುಳುವಿನಲ್ಲಿ ಉಬಾರ್, ಎರಡೂ ಒಂದೇ ಊರು. ಕುಮಾರಧಾರಾ ಬಂದು ನೇತ್ರಾವತಿಗೆ ಸೇರುವುದು ಅಲ್ಲಿಯೇ. ಮಳೆ ಅತಿಯಾದ ವರ್ಷ ಎರಡೂ ನದಿಗಳು ದಡ ಮೀರಿ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರಿಗೇ ಬಂದು ಕೂಡಿಕೊಳ್ಳುತ್ತವೆ. ಊರವರು ಸಂಗಮ ಎನ್ನುವುದು ಇದನ್ನು. ಗಂಗಾಪೂಜೆ ಮಾಡುತ್ತಾರೆ, ಮೀಯುತ್ತಾರೆ, ಎಲ್ಲೆಲ್ಲಿಂದಲೋ ನೋಡಲು ಬರುತ್ತಾರೆ. ಅದಕ್ಕೇ ಮೆಟ್ಟಿಲು ಎಣಿಸುವುದು.

ನಗರದ ಆವೃತ್ತಿಗೆ ಸುದ್ದಿ ತಿದ್ದಿದೆವು. ಮೊದಲ ಆವೃತ್ತಿಯ ವ್ಯಾನು ಹೊರಟುಹೋಗಿತ್ತು.

ನಮಗೆ ಪ್ರಾಥಮಿಕ ಶಾಲೆಯಲ್ಲಿ ಹೇಳಿಕೊಟ್ಟದ್ದು ಕನ್ನಡವನ್ನು ಬರೆದಂತೆ ಓದಬೇಕು, ಓದಿದಂತೆ ಬರೆಯಬೇಕು ಎಂದು. ಇಂಗ್ಲಿಷಿನವರ ಹಾಗೆ ನಮ್ಮಲ್ಲಿ ಸುಮ್ಮನೆ ಕೂರುವ ಅಕ್ಷರಗಳಿಲ್ಲ ಎಂಬ ಹೆಮ್ಮೆಯನ್ನೂ ಅದರ ಜೊತೆಗೇ ಕೊಟ್ಟಿದ್ದರು. ಅದನ್ನು ನಂಬಿಕೊಂಡು ಬಂದವನಿಗೆ ಆ ರಾತ್ರಿ ಹಿರಿಯರು ಮೇಜಿನ ಕೆಳಗಿನ ಡ್ರಾಯರಿನಿಂದ ಒಂದು ಡೈರಿ ತೆಗೆದುಕೊಟ್ಟರು. ಯಾವುದೋ ಹಳೆಯ ವರ್ಷದ್ದು, ರಟ್ಟು ಕಿತ್ತು ಹೋಗಿ ಅಂಟುಪಟ್ಟಿ ಸುತ್ತಿದ್ದರು. ಒಳಗೆ ಪ್ರತಿ ಪುಟಕ್ಕೂ ನಡುವೆ ಗೆರೆ. ಎಡಗಡೆ "ಬರೆಯುವುದು", ಬಲಗಡೆ "ಹೇಳುವುದು". ನನಗಿಂತ ಮುಂಚೆ ಘಟ್ಟ ಇಳಿದು ಬಂದು ಇದೇ ಕುರ್ಚಿಯಲ್ಲಿ ಕೂತವರ ಕೈಬರಹಗಳು, ಐದಾರು ಬಗೆಯವು.

ಕಾರ್ಕಳ – ಕಾರ್ಲ. ಉಡುಪಿ – ಒಡಿಪು. ವೇಣೂರು – ಏಣೂರು. ಕುಂದಾಪುರ – ಕುಂದಾಪ್ರ, ಅದರ ಮುಂದೆ ಆವರಣದಲ್ಲಿ "ಇದು ತುಳು ಅಲ್ಲ, ಕುಂದಗನ್ನಡ, ಅವರೆದುರು ತುಳು ಎನ್ನಬೇಡಿ". ಧರ್ಮಸ್ಥಳ – ಕುಡುಮ, "ಹಳಬರು". ಬಿ.ಸಿ. ರೋಡ್ ಎದುರು ಯಾರೋ ಶ್ರದ್ಧೆಯಿಂದ "ಬಂಟ್ವಾಳ ಕ್ರಾಸ್ ರೋಡ್" ಎಂದು ಬಿಡಿಸಿ ಬರೆದಿದ್ದರು, ಇನ್ನೊಬ್ಬರು ಅದನ್ನು ಹೊಡೆದುಹಾಕಿ "ಹೀಗೆ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ" ಎಂದಿದ್ದರು. ಮೂಡುಬಿದಿರೆಗಂತೂ ಅರ್ಧ ಪುಟ. ಮೂಡುಬಿದಿರೆ, ಮೂಡಬಿದಿರೆ, ಮೂಡಬಿದ್ರಿ, ಮೂಡುಬಿದ್ರೆ ಎಂದು ಎಡಗಡೆಯೇ ನಾಲ್ಕು ರೂಪ. ಬಲಗಡೆ ಮಾತ್ರ ಒಂದೇ ಮಾತು: ಬೆದ್ರ. ಬರೆಯುವವರು ಜಗಳವಾಡುತ್ತಲೇ ಇದ್ದಾರೆ, ಹೇಳುವವರಿಗೆ ಜಗಳವೇ ಇಲ್ಲ. ಮೂಡು ಎಂದರೆ ಪೂರ್ವ, ಅಲ್ಲಿ ಬಿದಿರು; ಪಡು ಎಂದರೆ ಪಶ್ಚಿಮ, ಕಡಲ ಕಡೆಗೆ ಪಡುಬಿದ್ರಿ. ಎರಡು ಊರಿನ ನಡುವೆ ಇಷ್ಟು ಅಚ್ಚುಕಟ್ಟಾದ ಲೆಕ್ಕ ಇರುವಾಗ ಬಸದಿಗಳ ಊರಿನವರು ದಿಕ್ಕನ್ನೇ ಉದುರಿಸಿ ಬರೀ ಬಿದಿರನ್ನು ಉಳಿಸಿಕೊಂಡದ್ದು ನನಗೆ ಮೋಜೆನಿಸಿತು.

ಮಂಗಳೂರಿಗೆ ಡೈರಿಯಲ್ಲಿ ಜಾಗವೇ ಇರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಹಿರಿಯರು ಅಲ್ಲಿದ್ದವರ ಕಡೆ ಕೈ ತೋರಿಸಿ, "ಒಬ್ಬೊಬ್ಬರನ್ನೇ ಕೇಳು" ಎಂದರು. ಅವರಿಗೆ ಕುಡ್ಲ. ಪುಟ ಕಟ್ಟುವ ಹುಡುಗನ ಮನೆಮಾತು ಕೊಂಕಣಿ, ಅವನಿಗೆ ಕೊಡಿಯಾಲ. ಮುದ್ರಣ ವಿಭಾಗದಿಂದ ಕಾಗದದ ಲೆಕ್ಕ ಕೊಡಲು ಬಂದಿದ್ದವರು ಬ್ಯಾರಿ, ಅವರು ಮೈಕಾಲ ಎಂದರು. ಮಂಗಳೂರು ಎನ್ನುವವನು ಆ ಕೋಣೆಯಲ್ಲಿ ನಾನೊಬ್ಬನೇ ಆಗಿದ್ದೆ, ಮತ್ತೆ ಗೋಡೆಯ ಮೇಲೆ ತೂಗುಹಾಕಿದ್ದ ಪತ್ರಿಕೆಯ ಹೆಸರಿನ ಕೆಳಗಿನ ವಿಳಾಸ.

ಉಬಾರ್ ಎಂದು ನಾನು ಬರೆಯುವುದೂ ಸರಿಯಾದ ಉಬಾರ್ ಅಲ್ಲವಂತೆ. ಕೊನೆಯಲ್ಲಿ ಒಂದು ಅರೆ ಉಕಾರ ಇದೆ. ಹಿರಿಯರು ಹೇಳಿ ತೋರಿಸಿದರು. "ತುಟಿ ಗುಂಡಗೆ ಮಾಡಬೇಡ. ಉ ಎನ್ನಲು ಹೊರಟು ತುಟಿಯನ್ನು ಅಲ್ಲೇ ಬಿಟ್ಟುಬಿಡು." ಐದಾರು ಸಲ ಪ್ರಯತ್ನಿಸಿದೆ. ನನ್ನದು ಒಮ್ಮೆ ಉಬಾರು ಆಗುತ್ತಿತ್ತು, ಒಮ್ಮೆ ಉಬಾರ್ ಎಂದು ಕತ್ತರಿಸಿ ಬೀಳುತ್ತಿತ್ತು. ಆ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಗುರುತಿಲ್ಲ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವವರು ಕೆಲವರು ಅಲ್ಲಿ ಉಕಾರ ಹಾಕುತ್ತಾರೆ, ಕೆಲವರು ಅರ್ಧಾಕ್ಷರಕ್ಕೆ ಬಿಡುತ್ತಾರೆ. ಎರಡೂ ಅಂದಾಜು. ಬರೆದಂತೆ ಓದು ಎಂದ ಮೇಷ್ಟರು ನೆನಪಾದರು.

ಡೈರಿಯ ಹಿಂಬದಿಗೆ ಒಂದು ಮುದ್ರಿತ ಚೀಟಿ ಅಂಟಿಸಿದ್ದರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಹೆಸರು ಬದಲಾದ 12 ಊರುಗಳ ಪಟ್ಟಿ. ಈ ಬದಲಾವಣೆಯ ಬಗ್ಗೆ ನನಗೆ ಮೊದಲಿನಿಂದ ಒಂದು ತಕರಾರಿದೆ, ಸಂದರ್ಭ ಬಂದಿದೆ, ಹೇಳಿಬಿಡುತ್ತೇನೆ. ಬ್ರಿಟಿಷರು ನಮ್ಮ ಊರಿನ ಹೆಸರುಗಳನ್ನು ಕೆಡಿಸಿದರು ಎಂಬುದು ಎಲ್ಲ ಕಡೆಯೂ ನಿಜವಲ್ಲ. ತುಮಕೂರನ್ನು ಅವರು ಬರೆದದ್ದು ತುಮ್ಕೂರ್ ಎಂದು ಓದುವ ಹಾಗೆ. ನಮ್ಮ ಕಡೆಯ ಬಸ್ ನಿಲ್ದಾಣಗಳಲ್ಲಿ ನಿಂತು ಕೇಳಿ, ನಡುವಿನ ಅಕಾರವನ್ನು ಪೂರ್ತಿ ಉಚ್ಚರಿಸುವ ಒಬ್ಬ ನಿರ್ವಾಹಕ ಸಿಕ್ಕಿದರೆ ಹೇಳಿ. ತುಮ್ಕೂರು, ತಿಪ್ಟೂರು, ಅರ್ಸೀಕೆರೆ, ಹಾಸ್ನ. ಆ ದೊರೆ ಯಾರೋ ಕಿವಿಗೆ ಬಿದ್ದದ್ದನ್ನು ಹಾಗೆಯೇ ಗೀಚಿಕೊಂಡಿದ್ದ. ಈಗ ತಿದ್ದಿ ಬರೆದಿರುವುದು ನಾವು ಪುಸ್ತಕದಲ್ಲಿ ಬರೆಯುವ ಹೆಸರನ್ನು, ಬಾಯಲ್ಲಿ ಹೇಳುವುದನ್ನಲ್ಲ. ಬಿಜಾಪುರ ಹೋಗಿ ವಿಜಯಪುರ ಬಂದದ್ದು, ಗುಲ್ಬರ್ಗಾ ಹೋಗಿ ಕಲಬುರಗಿ ಬಂದದ್ದು ಬೇರೆ ಮಾತು ಬಿಡಿ.

ಬೆಳಗ್ಗೆ ಏಳಕ್ಕೆ ಅಪ್ಪ ಫೋನು ಮಾಡಿದರು. ಮಗ ಕೆಲಸ ಮಾಡುವ ಪತ್ರಿಕೆ ಎಂದು ಅಂಗಡಿಯವನಿಗೆ ಹೇಳಿ ತರಿಸಿಕೊಳ್ಳುತ್ತಿದ್ದರು.

"ಮಳೆ ಸುದ್ದಿ ನೀನು ಬರೆದದ್ದೇನೋ?"

"ಹೌದಪ್ಪ."

"ಚೆನ್ನಾಗಿದೆ. ಉಪ್ಪಿನಂಗಡಿ ಗೊತ್ತು, ಧರ್ಮಸ್ಥಳಕ್ಕೆ ಹೋಗುವಾಗ ಹೆಸರು ಕೇಳಿದ್ದೇನೆ. ಈ ಉಬಾರ್ ಪಾಪ ಬಹಳ ಚಿಕ್ಕ ಊರೇನೋ? ಜನಕ್ಕೆ ಏನಾದರೂ ವ್ಯವಸ್ಥೆ ಮಾಡಿದ್ದಾರಾ?"

ಮಾಡಿದ್ದಾರೆ ಎಂದೆ. ಬೇರೇನು ಹೇಳಲಿ.

ಅಂದು ನನ್ನ ಪಾಳಿ ಸಂಜೆಯದು. ನಾನೇ ಹುಟ್ಟಿಸಿದ ಊರನ್ನು ಒಮ್ಮೆ ನೋಡಿ ಬರೋಣ ಎಂದು ಬಸ್ಸು ಹತ್ತಿದೆ. ನಿರ್ವಾಹಕ ಬಂದಾಗ, ರಾತ್ರಿ ಕಲಿತ ಪಾಠ ಒಪ್ಪಿಸುವವನಂತೆ, ತುಟಿಯನ್ನು ಗುಂಡಗಾಗಲು ಬಿಡದೆ "ಉಬಾರ್" ಎಂದೆ. ಸರಿಯಾಗಿಯೇ ಬಂದಿರಬೇಕು. ಆತ ಚಿಲ್ಲರೆ ಎಣಿಸುತ್ತಾ ತುಳುವಿನಲ್ಲಿ ಏನನ್ನೋ ಉದ್ದಕ್ಕೆ ಹೇಳಿದ, ಕೊನೆಯಲ್ಲಿ ಪ್ರಶ್ನೆಯೂ ಇತ್ತು. ನನಗೆ ಒಂದಕ್ಷರ ತಿಳಿಯಲಿಲ್ಲ. ಕಣ್ಣು ಕಣ್ಣು ಬಿಟ್ಟೆ. "ಉಪ್ಪಿನಂಗಡಿ," ಎಂದು ತಿದ್ದಿಕೊಂಡೆ. ಆತನೂ ತಕ್ಷಣ ಕನ್ನಡಕ್ಕೆ ಬಂದು, ರಸ್ತೆಗೆ ನೀರು ಬಂದರೆ ಮಾಣಿಯಲ್ಲೇ ಇಳಿಸುತ್ತೇವೆ, ಆಗಬಹುದಾ ಎಂದು ಕೇಳಿದ. ಮೂರೇ ಅಕ್ಷರ ಸರಿಯಾಗಿ ಹೇಳಿದ್ದಕ್ಕೆ ನನ್ನನ್ನು ಊರವನೇ ಎಂದುಕೊಂಡಿದ್ದ.

ವರದಿಗಾರರು ಸ್ನಾನಘಟ್ಟದ ಮೇಲೆ ಕೊಡೆ ಹಿಡಿದು ಕಾಯುತ್ತಿದ್ದರು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದರು, ಕಾಲಿಗೆ ರಬ್ಬರಿನ ಚಪ್ಪಲಿ. ಮಳೆಗಾಲ ಶುರುವಾದರೆ ದಿನಕ್ಕೆ ಮೂರು ಸಲ ಇಲ್ಲಿಗೆ ಬಂದು ಮೆಟ್ಟಿಲು ಎಣಿಸುವುದು ಅವರ ಕೆಲಸ, ರಾತ್ರಿಯದು ಟಾರ್ಚ್ ಬೆಳಕಿನಲ್ಲಿ. ಮಣ್ಣಿನ ಬಣ್ಣದ ನೀರು ಮೆಟ್ಟಿಲನ್ನು ನೆಕ್ಕಿ ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ಬರುವಾಗ ಒಂದೆರಡು ಬೆರಳು ಮೇಲಕ್ಕೆ. ಒಂದು ತೆಂಗಿನ ಗರಿ, ಅದರ ಹಿಂದೆ ಯಾರದೋ ಪ್ಲಾಸ್ಟಿಕ್ ಕೊಡ, ತಿರುಗುತ್ತಾ ಹೋದವು. ನಾನೂ ಎಣಿಸಿದೆ. ಏಳು. ರಾತ್ರಿಗಿಂತ ಒಂದು ಕಡಿಮೆ.

ತಪ್ಪಿನ ವಿಷಯ ಅವರಿಗೆ ಆಗಲೇ ಮುಟ್ಟಿತ್ತು. ಬೇಸರವೇನೂ ಇರಲಿಲ್ಲ. "ನಾನೇ ಉಪ್ಪಿನಂಗಡಿ ಎಂದು ಹೇಳಬೇಕಿತ್ತು," ಎಂದರು. "ಆದರೆ ಬಾಯಿಗೆ ಬರುವುದಿಲ್ಲ. ಉಪ್ಪಿನಂಗಡಿ ಎಂದು ಹೇಳಿದರೆ ಪುತ್ತೂರಿನ ತಾಲೂಕು ಕಚೇರಿಗೆ ಅರ್ಜಿ ಬರೆದಂತೆ ಆಗುತ್ತದೆ ನನಗೆ." ಆಮೇಲೆ 1974ರ ನೆರೆಯ ಕತೆ ತೆಗೆದರು, ತಂದೆಯಿಂದ ಕೇಳಿದ್ದು. ಅದಕ್ಕೂ ಹಿಂದಿನ 1923ರ ನೆರೆ ತಾತನಿಂದ ತಂದೆ ಕೇಳಿದ್ದು. ಎರಡು ಕತೆಯಲ್ಲೂ ಮುಳುಗಿದ್ದು ಉಬಾರ್, ಉಪ್ಪಿನಂಗಡಿ ಒಮ್ಮೆಯೂ ಬರಲಿಲ್ಲ.

ಆ ವರ್ಷ ಸಂಗಮ ಆಗಲಿಲ್ಲ. ಮಧ್ಯಾಹ್ನ ಮಳೆ ಕಡಿಮೆಯಾಗಿ ನೀರು ಇಳಿದು, ಸಂಜೆಯ ಲೆಕ್ಕಕ್ಕೆ ಬಾಕಿ ಮೆಟ್ಟಿಲು ಹದಿಮೂರಾಯಿತು. ವರದಿಗಾರರ ದನಿಯಲ್ಲಿ ಸಣ್ಣ ನಿರಾಸೆ ಇತ್ತು.

ಅಂದು ರಾತ್ರಿ ಕೆಲಸ ಮುಗಿದ ಮೇಲೆ ಡೈರಿಯ ಕೊನೆಯ ಖಾಲಿ ಪುಟದಲ್ಲಿ, ಮುಂದೆ ಯಾವಾಗಲಾದರೂ ಕರಾವಳಿಯವರು ನಮ್ಮ ಸೀಮೆಯ ಸುದ್ದಿ ಬರೆಯಬೇಕಾಗಿ ಬಂದರೆ ಇರಲಿ ಎಂದು, ನನ್ನ ಪಾಲಿನ ಒಂದು ಸಾಲು ಸೇರಿಸಿದೆ: ಚನ್ನರಾಯಪಟ್ಟಣ – ಪಟ್ಣ.

ಎರಡು ದಿನ ಬಿಟ್ಟು ತೆರೆದು ನೋಡಿದಾಗ ಅದರ ಕೆಳಗೆ ನೀಲಿ ಶಾಯಿಯಲ್ಲಿ, ಕ್ರೀಡಾಪುಟದ ಮಂಡ್ಯದ ಗೆಳೆಯನ ಅಕ್ಷರ: "ತಪ್ಪು. ಪಟ್ಣ ಅಂದರೆ ಶ್ರೀರಂಗಪಟ್ಟಣ."

ಅದರ ಕೆಳಗೆ ಹಿರಿಯರ ಕೆಂಪು ಶಾಯಿ: "ಒಂದರ ಪಕ್ಕದಲ್ಲಿ ಇನ್ನೊಂದು ಇದೆಯೋ ಹೇಗೆ?"