ಎಲ್ಲರಿಗೂ ಒಂದೇ ಪಾಠ ಯಾಕೆ?

ಕೆಲಸದಲ್ಲಿರುವ ದೊಡ್ಡವರಿಗೆ ನಾನು ಎಕ್ಸೆಲ್ ಕಲಿಸುತ್ತೇನೆ. ಮೊದಲೆಲ್ಲ ಎಲ್ಲರಿಗೂ ಒಂದೇ ಪಾಠ. ಲೆಕ್ಕಪತ್ರದಲ್ಲಿ ಇಪ್ಪತ್ತು ವರ್ಷ ಪಳಗಿದವರಿಗೂ ಕೂಡುವುದು, ಕಳೆಯುವುದರಿಂದಲೇ ಶುರು ಮಾಡುತ್ತಿದ್ದೆ. ಅವರ ಮುಖ ನೋಡಿದರೆ ನನಗೇ ಸಂಕಟ ಆಗುತ್ತಿತ್ತು.

ಈಗ ಮೊದಲ ದಿನವೇ 20 ಪ್ರಶ್ನೆಗಳ ಆನ್‌ಲೈನ್ ಪರೀಕ್ಷೆ. ಗೊತ್ತಿರುವುದನ್ನು ದಾಟಿ, ಗೊತ್ತಿಲ್ಲದ ಕಡೆಯಿಂದ ಪಾಠ ತೆರೆದುಕೊಳ್ಳುತ್ತದೆ. ಅಂಕಕ್ಕಿಂತ ತಪ್ಪುಗಳ ಪಟ್ಟಿಯನ್ನೇ ನಾನು ಜಾಸ್ತಿ ನೋಡುವುದು.

ಮೊನ್ನೆ ಒಬ್ಬರು, ಪಟ್ಟಿಯಲ್ಲಿ ಬೇಕಾದದ್ದನ್ನು ಹುಡುಕಿಕೊಡುವ ಎಕ್ಸೆಲ್ ಸೂತ್ರವಾದ ವಿಲುಕಪ್‌ನಲ್ಲಿ ಮತ್ತೆ ಮತ್ತೆ ಎಡವುತ್ತಿದ್ದರು. "ನನ್ನ ತಲೆಗೆ ಇದು ಹತ್ತಲ್ಲ ಬಿಡಿ ಮೇಡಂ" ಅಂದುಬಿಟ್ಟರು. ಅವರ ಏಳು ಉತ್ತರಗಳನ್ನು ಸಾಲಾಗಿ ತೆರೆದು ನೋಡಿದೆ. ಏಳರಲ್ಲೂ ಸೂತ್ರದ ಕೊನೆಯ 'ಫಾಲ್ಸ್' ಬಿಟ್ಟುಹೋಗಿತ್ತು. ಅದನ್ನು ಬರೆಯದಿದ್ದರೆ ಎಕ್ಸೆಲ್ ಕೇಳಿದ್ದನ್ನೇ ಹುಡುಕುವ ಬದಲು ಹತ್ತಿರದ್ದನ್ನು ಎತ್ತಿಕೊಡುತ್ತದೆ. ಪಟ್ಟಿ ಕ್ರಮವಾಗಿ ಇಲ್ಲದಿದ್ದರಂತೂ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. ಅಷ್ಟೇ ವಿಷಯ. ಹತ್ತು ನಿಮಿಷದಲ್ಲಿ ಸರಿಹೋಯಿತು. ಅವರ ತಲೆಯಲ್ಲಿ ಯಾವ ಕೊರತೆಯೂ ಇರಲಿಲ್ಲ!

ಮರೆವಿನದು ಇನ್ನೊಂದು ಕಥೆ. ಕಲಿತದ್ದು ಮೊದಮೊದಲೇ ವೇಗವಾಗಿ ಜಾರಿಹೋಗುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ತೋರಿಸಿದ್ದರು. ಹಾಗಾಗಿ ಎಲ್ಲರ ಮೊಬೈಲ್‌ಗೂ ದಿನಕ್ಕೆ ಎರಡು ಪ್ರಶ್ನೆ ಹೋಗುತ್ತವೆ. ತಪ್ಪಾದದ್ದು ಬೇಗ ಮರಳುತ್ತದೆ, ಸರಿಯಾದದ್ದು ತಡವಾಗಿ.

ಇಷ್ಟಾದರೂ ಎಲ್ಲವನ್ನೂ ಯಂತ್ರಕ್ಕೆ ಬಿಡಲು ನನಗೆ ಮನಸ್ಸಿಲ್ಲ. ತಪ್ಪು ಎಲ್ಲಿದೆ ಅಂತ ಅದು ತೋರಿಸುತ್ತದೆ, ಸರಿ. "ಹತ್ತಲ್ಲ ಬಿಡಿ" ಅಂದವರ ಪಕ್ಕ ಕುರ್ಚಿ ಎಳೆದುಕೊಂಡು ಕೂರಬೇಕಾದವಳು ನಾನೇ ಅಲ್ವಾ? ಮುಂದಿನ ವಾರ ಅವರು ದೊಡ್ಡ ಪಟ್ಟಿಯ ಸಾರಾಂಶ ತೆಗೆದುಕೊಡುವ ಪಿವಟ್ ಟೇಬಲ್ ಶುರು ಮಾಡುತ್ತಾರೆ.